‘ಕವಲುದಾರಿ’ ಪರವಾಗಿ, ಕಾಸರಗೋಡಿನಿಂದ

ನಮ್ಮ ಕಾಸರಗೋಡಿನಲ್ಲಿ ಥ್ರಿಲ್ಲರ್ ಅಂದರೆ ಮಲಯಾಳಂ. ಅದರಲ್ಲಿ ತಪ್ಪೇನೂ ಇಲ್ಲ. ಇಲ್ಲಿ ಬೆಳೆದವರಿಗೆ ಮಲಯಾಳಂ ಸಿನಿಮಾ ಹೊರಗಿನದ್ದು ಅಂತ ಅನ್ನಿಸುವುದೇ ಇಲ್ಲ. ‘ದೃಶ್ಯಂ’ ನಾನು ಎಷ್ಟು ಸಲ ನೋಡಿದರೂ ಬೇಜಾರಾಗಿಲ್ಲ. ಆದರೆ ಗೆಳೆಯರು ಕೂತಲ್ಲಿ ಒಂದು ಮಾತು ಬಂದೇ ಬರುತ್ತದೆ. “ಕನ್ನಡದಲ್ಲಿ ಇಂಥದ್ದು ಎಲ್ಲುಂಟು ಮಾರಾಯಾ?” ಅಂತ. ಆಗೆಲ್ಲ ನಾನು ಹೇಳುವ ಹೆಸರು ‘ಕವಲುದಾರಿ’.

ಅರ್ಧ ಜನ ಅದನ್ನು ನೋಡಿಯೇ ಇಲ್ಲ. ನೋಡಿದವರು ಎರಡು ದೂರು ಹೇಳುತ್ತಾರೆ. ಸಿನಿಮಾ ತುಂಬಾ ನಿಧಾನ. ನಾಯಕ ರಿಷಿ ಮುಖದಲ್ಲಿ ಭಾವನೆಯೇ ಇಲ್ಲ. ಇವತ್ತು ಕುಂಬಳೆಯಿಂದ ಕಾಞಂಗಾಡಿಗೆ ಹೊರಟಿದ್ದೇನೆ. ದಾರಿಯಲ್ಲಿ ಈ ಎರಡು ದೂರಿಗೂ ಉತ್ತರ ಕೊಡುತ್ತೇನೆ. ಕಾಞಂಗಾಡಿಗೇ ಯಾಕೆ ಅನ್ನುವುದನ್ನು ಅಲ್ಲಿಗೆ ಮುಟ್ಟಿದ ಮೇಲೆ ಹೇಳುತ್ತೇನೆ.

ನೋಡದವರಿಗಾಗಿ ಕತೆಯ ಆರಂಭ ಮಾತ್ರ. ಬೆಂಗಳೂರಿನಲ್ಲಿ ಕಾಮಗಾರಿಗೆ ನೆಲ ಅಗೆಯುವಾಗ ಮೂರು ಅಸ್ಥಿಪಂಜರ ಸಿಗುತ್ತವೆ. ಒಂದು ಮಗುವಿನದು. ಹೆಚ್ಚುಕಡಿಮೆ 40 ವರ್ಷ ಹಳೆಯವು. ಈ ಹೆದ್ದಾರಿ 66ರ ಕೆಲಸಕ್ಕೆ ಅಗೆದ ಕೆಂಪು ಮಣ್ಣನ್ನು ವರ್ಷಗಟ್ಟಲೆ ನೋಡಿದ ನಮಗೆ ಆ ದೃಶ್ಯ ಬೇಗ ತಟ್ಟುತ್ತದೆ. ಇಷ್ಟು ಹಳೆಯ ಪ್ರಕರಣ ಯಾರಿಗೆ ಬೇಕು? ಸ್ಟೇಷನ್‌ನಲ್ಲಿ ಯಾರಿಗೂ ಬೇಡ. ಬೇಕಾಗಿರುವುದು ಒಬ್ಬನಿಗೆ. ಅವನು ಶ್ಯಾಮ್ (ರಿಷಿ), ಟ್ರಾಫಿಕ್ ಸಬ್ ಇನ್ಸ್‌ಪೆಕ್ಟರ್. ಕ್ರೈಮ್ ವಿಭಾಗಕ್ಕೆ ಹೋಗಬೇಕು ಅನ್ನುವುದು ಅವನ ಆಸೆ. ಈ ತನಿಖೆ ಅವನ ಕೆಲಸವೇ ಅಲ್ಲ.

ಸಿನಿಮಾದ ನಿಧಾನಕ್ಕೆ ಕಾರಣ ಇಲ್ಲೇ ಇದೆ. ನಾವು ನೋಡಿ ಅಭ್ಯಾಸ ಆಗಿರುವ ಪೊಲೀಸ್ ಒಂದು ಫೋನ್ ಮಾಡಿದರೆ ಕಾಲ್ ರೆಕಾರ್ಡ್ ಬರುತ್ತದೆ, ಜೀಪು ಬರುತ್ತದೆ, ನಾಲ್ಕು ಜನ ಸೆಲ್ಯೂಟ್ ಹೊಡೆಯುತ್ತಾರೆ. ಶ್ಯಾಮ್‌ಗೆ ಅದು ಯಾವುದೂ ಇಲ್ಲ. ಪ್ರತಿಯೊಂದು ಮಾಹಿತಿಗೂ ಯಾರನ್ನಾದರೂ ಕೇಳಿಕೊಳ್ಳಬೇಕು. ಸಾಕ್ಷಿ ಹೇಳಬೇಕಾದವರು ಒಂದೋ ತೀರಿಕೊಂಡಿದ್ದಾರೆ, ಇಲ್ಲವೋ ಮುದುಕರಾಗಿದ್ದಾರೆ. ಇಂಥ ತನಿಖೆ ಓಡಿದ್ದರೆ ಅದು ಸುಳ್ಳಾಗುತ್ತಿತ್ತು. ನಿರ್ದೇಶಕ ಹೇಮಂತ್ ರಾವ್ ಅದನ್ನು ಓಡಿಸಲಿಲ್ಲ. ಚರಣ್ ರಾಜ್ ಸಂಗೀತ ಕೂಡ ಸುಮ್ನೆ ಅಬ್ಬರಿಸಿ ನಮ್ಮನ್ನು ಬೆಚ್ಚಿಬೀಳಿಸಲು ನೋಡುವುದಿಲ್ಲ.

ಇನ್ನು ರಿಷಿ. 2017ರ ‘ಆಪರೇಷನ್ ಅಲಮೇಲಮ್ಮ’ ನೋಡಿ. ಬ್ರಾಂಡೆಡ್ ವಸ್ತುಗಳ ಹುಚ್ಚಿರುವ ಹುಡುಗನ ಪಾತ್ರ. ಎಷ್ಟು ಮಾತು, ಎಷ್ಟು ಚುರುಕು! ಮುಖದಲ್ಲಿ ಭಾವನೆ ತರುವುದು ಆತನಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಇಲ್ಲಿ ಯಾಕೆ ಅಷ್ಟು ಬಿಗಿ? ಶ್ಯಾಮ್ ತನ್ನ ಇಲಾಖೆಯಲ್ಲೇ ಲೆಕ್ಕಕ್ಕಿಲ್ಲದ ಮನುಷ್ಯ. ಹಂಗಿಸಿದರೂ ನುಂಗಿಕೊಳ್ಳುವುದು ಅವನಿಗೆ ರೂಢಿ. ಅವನು ಸಿಟ್ಟನ್ನು ತೋರಿಸುವುದಿಲ್ಲ, ಮಡಚಿ ಒಳಗಿಡುತ್ತಾನೆ. ರಿಷಿ ಇಡೀ ಪಾತ್ರವನ್ನು ದನಿ ತಗ್ಗಿಸಿಯೇ ಮಾಡಿದ್ದಾರೆ. ಎದುರಿನವರು ಮಾತಾಡುವಾಗ ರಿಷಿಯ ಕಣ್ಣುಗಳನ್ನು ಗಮನಿಸಿ. ಕೇಳಿಸಿಕೊಳ್ಳುವುದನ್ನು ಇಷ್ಟು ಚೆನ್ನಾಗಿ ನಟಿಸುವವರು ನಮ್ಮಲ್ಲಿ ಜಾಸ್ತಿ ಇಲ್ಲ. ಹೊಡೆದಾಟದ ಹೀರೋಗೆ ಸಿಗುವ ಶಿಳ್ಳೆ ಇಂಥ ನಟನೆಗೆ ಸಿಗುವುದಿಲ್ಲ. ಹಾಗಂತ ಅದನ್ನು ನಟನೆಯೇ ಅಲ್ಲ ಅನ್ನುವುದು ಅನ್ಯಾಯ, ಅಲ್ವಾ?

ಚಂದ್ರಗಿರಿ ಹೊಳೆ ದಾಟಿದೆವು. ಇನ್ನು ಅನಂತ್ ನಾಗ್.

ಅವರ ಪಾತ್ರ ಮುತ್ತಣ್ಣ, ನಿವೃತ್ತ ಪೊಲೀಸ್ ಅಧಿಕಾರಿ. ಅಸ್ಥಿಪಂಜರವಾಗಿ ಸಿಕ್ಕ ಆ ಮೂವರ ಕುಟುಂಬ ಕಾಣೆಯಾದಾಗ ಪ್ರಕರಣ ಮುತ್ತಣ್ಣನ ಕೈಯಲ್ಲಿತ್ತು. ಈಗ ಒಂಟಿ, ಕುಡಿತ ಬೇರೆ. ಶ್ಯಾಮ್‌ಗೆ ಉತ್ಸಾಹ ಉಂಟು, ಮಾಹಿತಿ ಇಲ್ಲ. ಮುತ್ತಣ್ಣನಿಗೆ ಎಲ್ಲಾ ಗೊತ್ತು, ಹೇಳುವ ಮನಸ್ಸಿಲ್ಲ. ನನಗೆ ಈ ಸಿನಿಮಾದ ನಿಜವಾದ ಥ್ರಿಲ್ ಕೊಲೆಗಾರ ಯಾರು ಅನ್ನುವುದರಲ್ಲಿ ಇಲ್ಲ. ಈ ಮುದುಕ ಬಾಯಿ ಬಿಡುತ್ತಾನಾ ಇಲ್ವಾ ಅನ್ನುವುದರಲ್ಲಿ ಇದೆ.

ಇದೇ ನಿರ್ದೇಶಕರ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಅಲ್ಝೈಮರ್ ಇರುವ ವೆಂಕೋಬ ರಾವ್. ಆ ಪಾತ್ರವನ್ನು ಎಲ್ಲರೂ ಹೊಗಳಿದರು, ಸರಿಯೇ. ಅಲ್ಲಿ ಎಲ್ಲವೂ ಮರೆತುಹೋಗುತ್ತಿರುವ ಮನುಷ್ಯ. ಇಲ್ಲಿ ಒಂದನ್ನೂ ಮರೆಯಲಾಗದವನು. ವೆಂಕೋಬ ರಾವ್‌ನನ್ನು ನೋಡಿದ ಕೂಡಲೇ ಪ್ರೀತಿ ಹುಟ್ಟುತ್ತದೆ. ಮುತ್ತಣ್ಣ ಹಾಗಲ್ಲ. ಒರಟ, ಕಹಿ. ನಮ್ಮ ಕನಿಕರ ಆತನಿಗೆ ಬೇಡ. ಪ್ರೇಕ್ಷಕರ ಪ್ರೀತಿಯನ್ನು ಕೇಳದೆ ಪಾತ್ರ ಮಾಡುವುದು ಹೆಚ್ಚು ಕಷ್ಟ. ‘ಕವಲುದಾರಿ’ ಬಂದಾಗ ಅನಂತ್ ನಾಗ್ ಅವರಿಗೆ 70 ವರ್ಷ. 1973ರ ‘ಸಂಕಲ್ಪ’ದಿಂದ ಕನ್ನಡದಲ್ಲಿ ನಟಿಸುತ್ತಾ ಬಂದವರು. ಆ ವಯಸ್ಸಿನಲ್ಲಿ, ಆ ಹೆಸರಿನ ಮೇಲೆ, ಸುಲಭದ ಅಪ್ಪ-ಅಜ್ಜನ ಪಾತ್ರಗಳನ್ನೇ ಮಾಡಿಕೊಂಡು ಇರಬಹುದಿತ್ತು.

ಈಗ ನೀವು ನೋಡುತ್ತಿರುವುದು ಕಾಞಂಗಾಡಿನ ಆನಂದಾಶ್ರಮ. ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ್ದು. ಅನಂತ್ ನಾಗ್ ಅವರ ಶಾಲೆಯ ಮೊದಲ ದಿನಗಳು ಕಳೆದದ್ದು ಇಲ್ಲಿ. ಆಮೇಲೆ ಶಿರಾಲಿಯ ಚಿತ್ರಾಪುರ ಮಠ, ಆಮೇಲೆ ಮುಂಬೈ. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಇದು ಗೊತ್ತಿಲ್ಲ. 2025ರಲ್ಲಿ ಅವರಿಗೆ ಪದ್ಮಭೂಷಣ ಘೋಷಣೆಯಾದಾಗ ನನಗೆ ಮನೆಯವರಿಗೇ ಸಿಕ್ಕಷ್ಟು ಖುಷಿಯಾಯಿತು. ಈ ಮರಗಳ ನಡುವೆ ನಿಂತು ಅದನ್ನು ಹೇಳಬೇಕು ಅಂತ ಆಸೆ ಇತ್ತು.

ಅಚ್ಯುತ್ ಕುಮಾರ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸಣ್ಣ ಪತ್ರಿಕೆ ನಡೆಸುವ, ದುಡ್ಡಿನ ತಾಪತ್ರಯದ ಪತ್ರಕರ್ತ. ಆತನನ್ನು ನಂಬಬೇಕೋ ಬಿಡಬೇಕೋ ಅಂತ ಗೊತ್ತಾಗದ ಹಾಗೆ ನಟಿಸಿದ್ದಾರೆ.

ಸಿನಿಮಾದಲ್ಲಿ ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ಪ್ರೀತಿಯ ಎಳೆ ಕತೆಗೆ ಅಂಟಿಕೊಳ್ಳುವುದಿಲ್ಲ, ತೆಗೆದುಬಿಟ್ಟಿದ್ದರೂ ನಡೆಯುತ್ತಿತ್ತು. ಹೆಸರುಗಳು ಜಾಸ್ತಿ. ಸ್ವಲ್ಪ ಗಮನ ತಪ್ಪಿದರೂ ಯಾರು ಯಾರು ಅಂತ ಗೊಂದಲ ಆಗುತ್ತದೆ.

ಪಿಆರ್‌ಕೆ ಪ್ರೊಡಕ್ಷನ್ಸ್‌ನ ಮೊದಲ ಚಿತ್ರ ಇದು. ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆ ತನ್ನ ಮೊದಲ ಹೆಜ್ಜೆಗೆ ಆರಿಸಿಕೊಂಡದ್ದು ಹಾಡು-ಕುಣಿತದ ದೊಡ್ಡ ಸಿನಿಮಾ ಅಲ್ಲ, ಇಂಥ ಒಂದು ಕತೆ. ಬಂದದ್ದು 2019ರ ಏಪ್ರಿಲ್ 12ಕ್ಕೆ. ಲೋಕಸಭೆ ಚುನಾವಣೆಯ ಬಿಸಿ. ನಮ್ಮಲ್ಲಿ ಮತದಾನ 23ಕ್ಕೆ. ಊರಿನ ಮಾತೆಲ್ಲ ಅದೇ. ಕನ್ನಡ ಸಿನಿಮಾ ಅಂದರೆ ನಾವು ಮಂಗಳೂರಿಗೆ ರೈಲು ಹತ್ತುವವರು. ಆ ಗದ್ದಲದಲ್ಲಿ ಇದಕ್ಕಾಗಿ ಯಾರು ಹೊರಡುತ್ತಾರೆ? 2021ರಲ್ಲಿ ತಮಿಳು ಮತ್ತು ತೆಲುಗಿನಲ್ಲಿ ಇದೇ ಕತೆ ಮತ್ತೆ ಸಿನಿಮಾ ಆಯಿತು. ಎರಡರಲ್ಲೂ ಮುತ್ತಣ್ಣನ ಜಾಗದಲ್ಲಿ ನಾಸರ್. ಬೇರೆ ಭಾಷೆಯವರು ಬೆಲೆ ಕಟ್ಟಿದ್ದನ್ನು ನಾವು ನೋಡದೇ ಉಳಿದರೆ ಹೇಗೆ?

ಮಲಯಾಳಂ ಥ್ರಿಲ್ಲರ್ ಇಷ್ಟಪಡುವ ಗೆಳೆಯರ ಜತೆಯಲ್ಲೇ ಕೂತು ನೋಡಿ. ಮೊಬೈಲ್ ಪಕ್ಕಕ್ಕಿಡಿ. ಶ್ಯಾಮ್ ಮತ್ತು ಮುತ್ತಣ್ಣ ಎದುರುಬದುರಾಗುವವರೆಗೆ ಎದ್ದು ಹೋಗಬೇಡಿ. ಆಮೇಲೆ ಎದ್ದು ಹೋಗಿ ಅಂದರೂ ಅವರು ಹೋಗುವುದಿಲ್ಲ.