ಮೊದಲು ಶಾಖ, ಆಮೇಲೆ ಹಾಲು

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಶುರುವಾದರೆ ಸಾಕು, ನಮ್ಮ ತಂಡದವರ ಫೋನ್ ಸುಮ್ನಿರುವುದಿಲ್ಲ. ಚರಂಡಿ ಪಕ್ಕ, ಕಾರಿನ ಬಾನೆಟ್ ಒಳಗೆ, ಮಾರ್ಕೆಟ್ಟಿನ ಗೋಣಿಚೀಲಗಳ ಸಂದಿಯಲ್ಲಿ ಬೆಕ್ಕಿನ ಮರಿ ಸಿಕ್ಕಿದೆ ಅಂತ ಕರೆ ಬರುತ್ತದೆ. ಜೊತೆಗೇ ಬರುವ ಮಾತು: "ಹಾಲು ಕೊಟ್ಟೆ, ಕುಡೀತಾನೇ ಇಲ್ಲ."

ಇವತ್ತು ನಾನು ಮಾತಾಡಬೇಕಿರುವುದು ಈ ಹಾಲಿನ ಬಗ್ಗೆಯೇ.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತೀವಲ್ವಾ? ಅದು ನಿಜವೂ ಹೌದು. ಮರಿ ಬೆಚ್ಚಗೆ, ಹೊಟ್ಟೆ ತುಂಬಿ ಮಲಗಿದ್ದರೆ ಎತ್ತಿಕೊಳ್ಳಬೇಡಿ. ತಾಯಿ ಬಂದು ಒಯ್ಯುತ್ತಾಳೆ. ಆದರೆ ಮುಟ್ಟಿದರೆ ತಣ್ಣಗಿದೆ, ಕುತ್ತಿಗೆ ವಾಲುತ್ತಿದೆ, ಕೂಗಲೂ ತ್ರಾಣವಿಲ್ಲ ಅಂದರೆ ತಾಯಿಗಾಗಿ ಕಾಯುವುದು ಬೇಡ.

ಅಂಥ ಮರಿಯನ್ನು ಕಂಡಾಗ ನಮ್ಮ ಕೈ ತಾನಾಗಿಯೇ ಹಾಲಿನ ಕಡೆ ಹೋಗುತ್ತದೆ. ಪಾಪ, ಹಸಿದಿದೆ ಅನ್ನಿಸುತ್ತದೆ. ದಯವಿಟ್ಟು ಕೈ ತಡೆಯಿರಿ. ಮೂರ್ನಾಲ್ಕು ವಾರದೊಳಗಿನ ಮರಿಗೆ ಮೈ ಶಾಖವನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಮೈ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹಾಕಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿಯುತ್ತದೆ. ನುಂಗುವ ಶಕ್ತಿ ಇಲ್ಲದ ಮರಿಯಲ್ಲಿ ಶ್ವಾಸಕೋಶಕ್ಕೂ ಇಳಿಯುತ್ತದೆ. ಎಷ್ಟೋ ಮರಿಗಳು ಸಾಯುವುದು ಹಸಿವಿನಿಂದಲ್ಲ, ಹೀಗೆ ಪ್ರೀತಿಯಿಂದ ಕೊಟ್ಟ ಹಾಲಿನಿಂದ.

ಹಾಗಾಗಿ ಮೊದಲು ಶಾಖ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ರಟ್ಟಿನ ಡಬ್ಬಿಯ ಒಂದೇ ಬದಿಗೆ ಇಡಿ. ಸೆಕೆಯಾದರೆ ಮರಿ ಸರಿದುಕೊಳ್ಳಲು ಇನ್ನೊಂದು ಬದಿ ಖಾಲಿ ಇರಬೇಕು. ಸರಿಯಲೂ ಆಗದ ಮರಿಯಾದರೆ ನೀವೇ ಆಗಾಗ ಮುಟ್ಟಿ ನೋಡಿ, ಮಗ್ಗುಲು ಬದಲಿಸಿ. ಹೇರ್ ಡ್ರೈಯರ್ ಹಿಡಿದು ಐದು ನಿಮಿಷದಲ್ಲಿ ಬಿಸಿ ಮಾಡಲು ಹೋಗಬೇಡಿ. ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಕಾವು ಏರಲಿ.

ಕಾವು ಏರುತ್ತಿರುವಾಗಲೇ ಬೆಚ್ಚಗಿನ ನೀರಿಗೆ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಕಲಸಿ, ಬೆರಳ ತುದಿಯಿಂದ ಒಸಡಿಗೆ ಸವರಿ. ಹನಿ ಲೆಕ್ಕದಲ್ಲಿ ಮಾತ್ರ, ಬಾಯಿಗೆ ಸುರಿಯಬೇಡಿ. ಆಗ ಒಸಡನ್ನೂ ಗಮನಿಸಿ. ಅಂಟಂಟಾಗಿದ್ದರೆ ಮೈಯಲ್ಲಿ ನೀರಿಲ್ಲ. ಬಿಳಿಚಿದ್ದರೆ ಚಿಗಟಗಳು ರಕ್ತ ಹೀರಿರಬಹುದು. ಪುಟ್ಟ ಮರಿಗೆ ಅದೇ ಸಾವಿಗೆ ಸಾಕು. ತುಂಬ ಎಳೆಯ ಮರಿಯ ಚರ್ಮ ಎಳೆದು ನೋಡಿದರೆ ನೀರಿನ ಕೊರತೆ ಸರಿಯಾಗಿ ಗೊತ್ತಾಗುವುದಿಲ್ಲ. ನಾನು ಹತ್ತಿಯನ್ನು ನಂಬುತ್ತೇನೆ. ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿದರೆ ಮರಿ ಉಚ್ಚೆ ಹೊಯ್ಯುತ್ತದೆ. ಮೂರು ವಾರದವರೆಗೆ ಹೇಗೂ ಇದನ್ನು ಮಾಡಿಸಲೇಬೇಕು. ಹತ್ತಿಯ ಮೇಲೆ ತೆಳು ಬಣ್ಣ ಕಂಡರೆ ಸರಿ. ಗಾಢ ಹಳದಿಯಾದರೆ ಡಾಕ್ಟರ ಹತ್ತಿರ ಚರ್ಮದಡಿ ಸಲೈನ್ ಹಾಕಿಸಬೇಕಾಗುತ್ತದೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೇರೆ ಊರಿನವರು ಹತ್ತಿರದ ಪಶು ಆಸ್ಪತ್ರೆಯ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಹೋಗುವ ದಾರಿಯಲ್ಲೂ ಬಾಟಲಿ ಬೆಚ್ಚಗಿರಲಿ.

ಮೈ ಬೆಚ್ಚಗಾಗಿ, ಮರಿ ತಲೆ ಎತ್ತಿ, ಬೆರಳು ಚೀಪಲು ಶುರು ಮಾಡಿದ ಮೇಲೆ ಹಾಲು. ಹಸುವಿನ ಹಾಲಲ್ಲ, ಅದರಿಂದ ಭೇದಿ ಜಾಸ್ತಿಯಾಗುತ್ತದೆ. ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಎಳೆಯ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ.

ಔಷಧಿಯ ವಿಷಯದಲ್ಲಿ ನನಗೆ ನಿಜಕ್ಕೂ ಭಯವಿದೆ. ಜ್ವರ ಅಂತ ಪ್ಯಾರಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ. ನಾಯಿಯ ಮೈಗೆ ಅಂಟುವ ಉಣ್ಣೆ ಹುಳಕ್ಕೆ ಹಾಕುವ ಪರ್ಮೆತ್ರಿನ್ ಔಷಧಿ ಕೂಡ ವಿಷವೇ. ಚಿಗಟಕ್ಕೆ ಸಣ್ಣ ಹಲ್ಲಿನ ಬಾಚಣಿಗೆ ಸಾಕು. ಇನ್ನೊಂದು, ನೆಲ ಒರೆಸುವ ಫಿನಾಯಿಲ್. ಎಷ್ಟೋ ಮನೆಗಳಲ್ಲಿ ದಿನವೂ ಬಳಸುತ್ತೇವೆ. ಫೀನಾಲ್ ಇರುವ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಒಳಗೆ ಹೋಯಿತು.

ಹಾಗಂತ ಶುಚಿ ಬಿಡುವಂತಿಲ್ಲ. ಬೆಕ್ಕಿನ ಪಾರ್ವೋ, ಅಂದರೆ ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ಅಂಟುರೋಗ, ಒಂದು ಮರಿಯಿಂದ ಇಡೀ ಕೋಣೆಗೆ ಹಬ್ಬುತ್ತದೆ. ಅದರ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಮರಿಯನ್ನು ಬೇರೆಡೆ ಇರಿಸಿ, ಸೋಪಿನಿಂದ ತೊಳೆದು, 1 ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ನೀರಿನಿಂದ ತೊಳೆದು ಒಣಗಿಸಿ. ಹೊಸದಾಗಿ ಬಂದ ಮರಿ ಎಷ್ಟೇ ಮುದ್ದಾಗಿದ್ದರೂ ಹಳೆಯ ಮರಿಗಳ ಜೊತೆ ಬಿಡಬೇಡಿ.

ಎಲ್ಲ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ನೋವು ತಡೆಯಲಾರದೆ ಉಸಿರಿಗೆ ಒದ್ದಾಡುತ್ತಿದ್ದರೆ, ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಅದನ್ನು ಕೇಳುವುದೂ ಆರೈಕೆಯೇ ಅಂತ ನಾನು ನಂಬುತ್ತೇನೆ.

ಉಳಿಯುತ್ತಿದೆಯೋ ಇಲ್ಲವೋ ಅಂತ ಮೊದಲು ಹೇಳುವುದು ತೂಕ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಚೆನ್ನಾಗಿ ಆಡುತ್ತಿದ್ದರೂ ತೂಕ ಇಳಿದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಅಡುಗೆಮನೆಯ ತಕ್ಕಡಿಯೊಂದನ್ನು ಇಲ್ಲಿ ತಂದಿಟ್ಟಿದ್ದೇನೆ. ಹಾಲು ಕುಡಿಸುವಾಗ ಮರಿಯನ್ನು ಮಗುವಿನಂತೆ ಅಂಗಾತ ಹಿಡಿಯದೆ, ಹೊಟ್ಟೆ ಕೆಳಗೆ ಮಾಡಿ ಹೇಗೆ ಹಿಡಿಯಬೇಕು ಅಂತ ಬೊಂಬೆಯಲ್ಲಿ ತೋರಿಸುತ್ತೇನೆ. ಹಿಂದೆ ಕೂತವರು ಮುಂದೆ ಬನ್ನಿ.