ಬಾಗಿಲ ಹಿಂದಿನ ನೀಲಿ ಚೀಲ

ನನ್ನ ಕೋಣೆಯ ಬಾಗಿಲ ಹಿಂದೆ ತೂಗುತ್ತಿರುವ ಈ ನೀಲಿ ಚೀಲ ಪ್ರವಾಸಕ್ಕಲ್ಲ. ನನಗೆ ಟೈಪ್ 1 ಮಧುಮೇಹ; ದಿನವೂ ಇನ್ಸುಲಿನ್ ಚುಚ್ಚಿಕೊಳ್ಳದೆ ಬದುಕಲಾಗದು. ಬೆಂಕಿಯೋ ನೆರೆಯೋ ಬಂದು ಐದೇ ನಿಮಿಷದಲ್ಲಿ ಮನೆ ಬಿಡಬೇಕಾದರೂ ಇದು ನನ್ನ ಹೆಗಲೇರಲೇಬೇಕು.

ಇಂಥದ್ದೊಂದು ಬೇಕೆಂದು ಕಲಿಸಿದ್ದು ನನ್ನದೇ ದಡ್ಡತನ. ಒಮ್ಮೆ ಬಿರುಗಾಳಿಗೆ ಎರಡು ದಿನ ಕರೆಂಟ್ ಹೋಗಿತ್ತು. ಇನ್ಸುಲಿನ್ ಕೆಟ್ಟೀತೆಂದು ಗಾಬರಿಬಿದ್ದು, ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕ್‌ಗಳ ನಡುವೆ ಬಾಟಲಿಗಳನ್ನು ಒತ್ತಿಟ್ಟೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಹೆಪ್ಪುಗಟ್ಟಿದ್ದವು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಉಳಿಸಲು ಹೋಗಿ ನಾನೇ ಕೆಡಿಸಿದ್ದೆ. ಸುಮ್ಮನೆ ನೆರಳಿನಲ್ಲಿ ಬಿಟ್ಟಿದ್ದರೂ ಉಳಿಯುತ್ತಿದ್ದವು! ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ನಿಜ. ಆದರೆ ಬಹುತೇಕ ಬಗೆಯ ಇನ್ಸುಲಿನ್, ಬಿಸಿ 30 ಡಿಗ್ರಿ ಮೀರದಿದ್ದರೆ, ಹೊರಗೂ ಸುಮಾರು 28 ದಿನ ತಾಳುತ್ತದೆ. ನಿಮ್ಮ ಔಷಧದ ಲೆಕ್ಕ ಅದರ ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ, ಓದಿಕೊಳ್ಳಿ. ಈಗ ನಾನು ಹೊರತೆಗೆದ ದಿನಾಂಕವನ್ನು ಬಾಟಲಿಯ ಮೇಲೆಯೇ ಬರೆಯುತ್ತೇನೆ.

ಚೀಲ ಬಿಚ್ಚೋಣ. ಸೂಜಿಗಳು, ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್, ಅದಕ್ಕೆ ಬೇರೆ ಬ್ಯಾಟರಿ. ಇದು ಗ್ಲೂಕೋಸ್ ಮಾತ್ರೆ. ಊಟ ತಪ್ಪಿ, ಓಡಾಟ ಹೆಚ್ಚಾದ ದಿನ ರಕ್ತದ ಸಕ್ಕರೆಯ ಮಟ್ಟ 70 mg/dLಗಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ನನ್ನ ಕಣ್ಣಿಗೆ ಎಲ್ಲಕ್ಕಿಂತ ಬೆಲೆಬಾಳುವುದು ಪ್ಲಾಸ್ಟಿಕ್ ಹೊದಿಕೆಯೊಳಗಿನ ಈ ಕಾಗದ. ಔಷಧದ ಕಂಪನಿ ಹೆಸರಿನ ಜೊತೆಗೆ ಮೂಲ ಹೆಸರು (ಯಾವ ಕಂಪನಿ ಮಾಡಿದರೂ ಬದಲಾಗದ ಜೆನೆರಿಕ್ ಹೆಸರು), ಪ್ರಮಾಣ, ಹೊತ್ತು, ಅಲರ್ಜಿ, ವೈದ್ಯರ ಸಂಖ್ಯೆ ಎಲ್ಲವೂ ಇದರಲ್ಲಿವೆ. ಅಪರಿಚಿತ ಊರಿನ ಅಂಗಡಿಯಲ್ಲಿ ನನ್ನ ಕಂಪನಿಯ ಔಷಧ ಸಿಗದಿದ್ದರೂ ಮೂಲ ಹೆಸರು ಹೇಳಿದರೆ ದಾರಿ ಸಿಗುತ್ತದೆ. ಮೊಬೈಲ್‌ನಲ್ಲಿ ಫೋಟೊ ಇದೆಯಲ್ಲ ಎನ್ನಬೇಡಿ. ಕರೆಂಟ್ ಇಲ್ಲದ ಎರಡನೇ ದಿನ ಮೊಬೈಲ್ ಬರೀ ಗಾಜಿನ ತುಂಡು.

ಎಲ್ಲರ ತಯಾರಿಯೂ ಚೀಲದಲ್ಲಿ ಹಿಡಿಯುವುದಿಲ್ಲ. ನನ್ನ ಗೆಳತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಅಂದರೆ ಮೂತ್ರಪಿಂಡದ ಬದಲು ಯಂತ್ರದಿಂದ ರಕ್ತ ಶುದ್ಧಿ. ತನ್ನ ಕೇಂದ್ರ ಮುಚ್ಚಿದರೆ ಬೇರೆ ಯಾವ ಕೇಂದ್ರಕ್ಕೆ ಹೋಗಬೇಕೆಂದು ಅವಳು ಮೊದಲೇ ಕೇಳಿಟ್ಟುಕೊಂಡಿದ್ದಾಳೆ. ಸರದಿ ತಪ್ಪಿದರೆ ಮೈಯಲ್ಲಿ ನೀರು, ಪೊಟ್ಯಾಷಿಯಂ ಏರುತ್ತವೆ. ಅಂಥ ದಿನ ಏನು ತಿನ್ನಬೇಕು, ಎಷ್ಟು ಕುಡಿಯಬೇಕು ಎಂದು ವೈದ್ಯರಿಂದ ಬರೆಸಿಕೊಂಡಿದ್ದಾಳೆ. ಮನೆಯಲ್ಲಿ ಆಮ್ಲಜನಕದ ಯಂತ್ರ ಬಳಸುವವರು ಕರೆಂಟ್ ಹೋದ ಮೇಲೆ ಸಿಲಿಂಡರ್ ಹುಡುಕುವಂತಾಗಬಾರದು. ಮೂರ್ಛೆರೋಗದ ಮಾತ್ರೆ, ದೀರ್ಘಕಾಲ ತೆಗೆದುಕೊಂಡ ಸ್ಟಿರಾಯ್ಡ್ ಕೂಡ ಥಟ್ಟನೆ ನಿಲ್ಲಿಸುವಂಥವಲ್ಲ. ಅವುಗಳನ್ನು ಕೆಲವು ದಿನಗಳಿಗಾಗುವಷ್ಟು ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಚೀಲದಲ್ಲಿರುವುದನ್ನು ಮೊದಲು ಬಳಸಿ, ಹೊಸದನ್ನು ಒಳಗಿಡುವುದು ನನ್ನ ಪದ್ಧತಿ. ತಿಂಗಳಿಗೊಮ್ಮೆ ತಪ್ಪದೆ ಮಾಡುತ್ತೇನೆ ಎಂದು ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಗ್ಲುಕೋಮೀಟರ್‌ಗೆ ಹಾಕುವ ಈ ಪರೀಕ್ಷಾ ಪಟ್ಟಿಗಳ (ಸ್ಟ್ರಿಪ್) ಡಬ್ಬಿ ಕೈಗೆ ಬಂತು. ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಅವಧಿ ಹೋದ ತಿಂಗಳೇ ಮುಗಿದಿದೆ. ಕ್ಯಾಮೆರಾ ಆರಿಸಿ ಹೊಸ ಡಬ್ಬಿ ತರಲು ಹೊರಡುತ್ತೇನೆ.