ಆಂಟಿ-ಸ್ಟ್ಯಾಟಿಕ್ ಪಟ್ಟಿಯ ವೈರ್‌ನಲ್ಲಿ ರೆಸಿಸ್ಟರ್ ಯಾಕಿದೆ?

[ಸ್ಕ್ರೀನ್ ಮೇಲೆ: ಮಣಿಕಟ್ಟಿನ ಪಟ್ಟಿ, ಅದರ ಸುರುಳಿ ವೈರ್, ಪಕ್ಕದಲ್ಲಿ ಮಲ್ಟಿಮೀಟರ್]

ಒಬ್ಬ ವೀಕ್ಷಕರು ಒಳ್ಳೆ ಪ್ರಶ್ನೆ ಕೇಳಿದ್ದಾರೆ. ಕಂಪ್ಯೂಟರ್ ಬಿಚ್ಚುವಾಗ ಕೈಗೆ ಕಟ್ಟಿಕೊಳ್ಳುವ ಆಂಟಿ-ಸ್ಟ್ಯಾಟಿಕ್ ಪಟ್ಟಿ ಇದೆಯಲ್ಲ, ಅದರ ವೈರನ್ನು ಅಳೆದು ನೋಡಿದರಂತೆ. ಮೀಟರ್ ಹೆಚ್ಚೂಕಡಿಮೆ 10 ಲಕ್ಷ ಓಮ್ ತೋರಿಸಿತಂತೆ. ಮೈಮೇಲಿನ ಚಾರ್ಜ್ ಹರಿದು ಹೋಗಲಿ ಅಂತ ಕಟ್ಟುವ ವೈರ್‌ಗೆ ಇಷ್ಟು ದೊಡ್ಡ ತಡೆ ಯಾಕೆ? ಪಟ್ಟಿ ಕೆಟ್ಟಿದೆಯಾ?

ಇಲ್ಲ. ವೈರ್‌ನಲ್ಲಿ ಬೇಕಂತಲೇ ಒಂದು ರೆಸಿಸ್ಟರ್, ಅಂದರೆ ಕರೆಂಟ್ ಹರಿವಿಗೆ ತಡೆ ಒಡ್ಡುವ ಬಿಡಿಭಾಗ, ಇಟ್ಟಿರುತ್ತಾರೆ.

ಮೊದಲು ಬೇಗ ಬೇಗ ಎರಡು ಮಾತು. ಓಡಾಡಿದರೆ, ಕುರ್ಚಿಯಿಂದ ಎದ್ದರೆ ಮೈಮೇಲೆ ಚಾರ್ಜ್ ಸೇರುತ್ತದೆ. ಗಾಳಿ ಒಣಗಿದ್ದರೆ ಇನ್ನೂ ಜಾಸ್ತಿ. ಬೆರಳಿಗೆ ಚುರ್ ಅನ್ನಿಸಲು ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್‌ಗಳು 100 ವೋಲ್ಟ್‌ಗೂ ಮೊದಲೇ ಹಾಳಾಗುತ್ತವೆ. ಒಳಗಿನ ಟ್ರಾನ್ಸಿಸ್ಟರ್‌ಗಳ ನಿರೋಧಕ ಪದರ ಕೆಲವೇ ನ್ಯಾನೋಮೀಟರ್ ದಪ್ಪ, ಅದಕ್ಕೆ. ಹಾಗಾಗಿ "ನನಗೆ ಶಾಕೇ ಹೊಡೆಯಲಿಲ್ಲ" ಅನ್ನೋ ವಾದ ಇಲ್ಲಿ ನಡೆಯಲ್ಲ.

ಈಗ ನನಗೆ ಇಷ್ಟವಾದ ಭಾಗ. ಚಿಪ್‌ಗಳನ್ನು ಸ್ಟ್ಯಾಟಿಕ್‌ಗೆ ಪರೀಕ್ಷೆ ಮಾಡುವವರು ಮನುಷ್ಯನನ್ನೇ ಒಂದು ಸರ್ಕ್ಯೂಟ್ ಮಾಡಿಬಿಟ್ಟಿದ್ದಾರೆ. ಚಾರ್ಜ್ ತುಂಬಿಟ್ಟುಕೊಳ್ಳುವ 100 ಪಿಕೋಫ್ಯಾರಡ್‌ನ ಪುಟ್ಟ ಕೆಪ್ಯಾಸಿಟರ್, ಜೊತೆಗೆ 1500 ಓಮ್ ರೆಸಿಸ್ಟರ್. ನೀವು ಅಷ್ಟೇ. ನಾನೂ ಅಷ್ಟೇ.

[ಸ್ಕ್ರೀನ್ ಮೇಲೆ: ಮನುಷ್ಯನ ಆಕೃತಿ ಕರಗಿ ಎರಡು ಬಿಡಿಭಾಗಗಳಾಗುತ್ತದೆ]

3000 ವೋಲ್ಟ್ ತುಂಬಿಕೊಂಡ ಈ "ಮನುಷ್ಯ" ಸೀದಾ ಚಿಪ್ ಮುಟ್ಟಿದರೆ ಒಂದು ಕ್ಷಣ 2 ಆಂಪಿಯರ್ ಹರಿಯುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದೊಳಗೆ ಎಲ್ಲಾ ಮುಗಿದಿರುತ್ತದೆ, ಚಿಪ್ ಸೇರಿ. ಆದರೆ ಒಟ್ಟು ಶಕ್ತಿ ಎಷ್ಟು? ಅರ್ಧ ಮಿಲಿಜೌಲ್ ಕೂಡ ಇಲ್ಲ. ಅಂದರೆ ಮೈಮೇಲಿರೋದು ಒಂದು ಲೋಟ ನೀರು. ಗೋಡೆಯ ಪ್ಲಗ್ ಹಿಂದಿರೋದು ಅಣೆಕಟ್ಟು. ಲೋಟ ಖಾಲಿಯಾಗಲು ಸೂಜಿಯಷ್ಟು ತೂತು ಸಾಕು. ಅದೇ ತೂತಿನಿಂದ ಅಣೆಕಟ್ಟಿನ ನೀರು ನುಗ್ಗಲು ಆಗಲ್ಲ. ಆ ರೆಸಿಸ್ಟರ್ ಅಂಥ ತೂತು.

ಲೆಕ್ಕ ನೋಡಿ. 10 ಲಕ್ಷ ಓಮ್ ಮೂಲಕವೂ ಮೈಯ ಚಾರ್ಜ್ ಮಿಲಿಸೆಕೆಂಡಿನೊಳಗೆ ಇಳಿದುಹೋಗುತ್ತದೆ. ಅಪ್ಪಿತಪ್ಪಿ ಇನ್ನೊಂದು ಕೈ 230 ವೋಲ್ಟ್‌ಗೆ ತಾಗಿದರೆ? ಪಟ್ಟಿಯ ವೈರ್‌ನಲ್ಲಿ ಹರಿಯುವುದು 0.23 ಮಿಲಿಆಂಪಿಯರ್ ಮಾತ್ರ. ರೆಸಿಸ್ಟರ್ ಇಲ್ಲದಿದ್ದರೆ ನಿಮ್ಮನ್ನೇ ಸೀದಾ ಅರ್ಥಿಂಗ್‌ಗೆ ಕಟ್ಟಿಹಾಕಿದ ಹಾಗೆ, ಕರೆಂಟ್ ಮೈ ಮೂಲಕವೇ ನುಗ್ಗುತ್ತದೆ. ಅದಕ್ಕೇ ಮೀಟರ್ ಸೊನ್ನೆ ತೋರಿಸುವ ಪಟ್ಟಿ ಬೇಡವೇ ಬೇಡ. ಏನೂ ತೋರಿಸದಿದ್ದರೆ ಒಳಗೆ ವೈರ್ ತುಂಡಾಗಿದೆ, ಅದು ಬರೀ ಬಳೆ. ಹಾಗಂತ ಕರೆಂಟ್ ಇರುವ ಸರ್ಕ್ಯೂಟ್‌ಗೆ ಕೈ ಹಾಕಬೇಡಿ. ರೆಸಿಸ್ಟರ್ ಕಾಯುವುದು ಆ ಒಂದು ದಾರಿಯನ್ನು ಮಾತ್ರ.

ವೈರ್‌ಲೆಸ್ ಪಟ್ಟಿಗಳೂ ಮಾರಾಟಕ್ಕಿವೆ. ಚಾರ್ಜ್ ಎಲ್ಲಿಗೆ ಹೋಗಬೇಕು, ವೈಫೈ ಮೂಲಕವಾ?

ಟೈಮ್ ಆಯ್ತು, ಉಳಿದದ್ದು ಓಟದಲ್ಲಿ. ವೈರ್ ತುದಿಯ ಕ್ಲಿಪ್ಪನ್ನು ಕಂಪ್ಯೂಟರ್ ಕ್ಯಾಬಿನೆಟ್‌ನ ಪೇಂಟ್ ಇಲ್ಲದ ಲೋಹಕ್ಕೆ ಹಾಕಿ. ನೀವು, ಕ್ಯಾಬಿನೆಟ್, ಬೋರ್ಡ್ ಮೂರೂ ಒಂದೇ ವೋಲ್ಟೇಜ್‌ನಲ್ಲಿರಬೇಕು, ಮುಖ್ಯ ವಿಷಯ ಇಷ್ಟೇ. ಪಟ್ಟಿ ಇಲ್ಲವೇ? ಆಗಾಗ ಆ ಲೋಹ ಮುಟ್ಟುತ್ತಿರಿ. ಪಟ್ಟಿಯಷ್ಟು ಒಳ್ಳೆಯದಲ್ಲ, ಸುಮ್ನೆ ಇರುವುದಕ್ಕಿಂತ ಎಷ್ಟೋ ವಾಸಿ. ರ‍್ಯಾಮ್ ಆಗಲಿ, ಗ್ರಾಫಿಕ್ಸ್ ಕಾರ್ಡ್ ಆಗಲಿ, ಅಂಚು ಹಿಡಿದು ಎತ್ತಿ, ಚಿನ್ನದ ಬಣ್ಣದ ಕಾಲುಗಳನ್ನು ಮುಟ್ಟಬೇಡಿ. ಥರ್ಮಾಕೋಲ್, ಮಾಮೂಲಿ ಪ್ಲಾಸ್ಟಿಕ್ ಕವರ್ ದೂರ ಇಡಿ. ಪಟ್ಟಿ ಅವುಗಳ ಚಾರ್ಜ್ ಇಳಿಸಲ್ಲ.

ಇನ್ನು ಬಿಡಿಭಾಗಗಳನ್ನು ಹಾಕಿ ಕೊಡುವ ಆಂಟಿ-ಸ್ಟ್ಯಾಟಿಕ್ ಚೀಲಗಳು. ಗುಲಾಬಿ ಚೀಲ ತಾನು ಚಾರ್ಜ್ ಆಗುವುದು ಕಡಿಮೆ, ಆದರೆ ಹೊರಗಿನ ಕಿಡಿ ತಡೆಯುವುದಿಲ್ಲ. ಬೆಳ್ಳಿ ಬಣ್ಣದ್ದು ತಡೆಯುತ್ತದೆ, ಅದರಲ್ಲಿ ಲೋಹದ ಪದರವಿದೆ. ಅದೇ ಕಾರಣಕ್ಕೆ ಮದರ್‌ಬೋರ್ಡನ್ನು ಆ ಚೀಲದ ಮೇಲಿಟ್ಟು ಆನ್ ಮಾಡಬೇಡಿ. ಟೆಸ್ಟ್ ಮಾಡಲು ಅದು ಬಂದ ರಟ್ಟಿನ ಡಬ್ಬಿ ಸಾಕು.